ಶತ್ರುವಿನ ಕೈಗೆ ಸಿಕ್ಕ ಸೈನಿಕನಿಗೆ ಏನಾಗುತ್ತದೆ?

2019ರ ಫೆಬ್ರವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ಕೈಗೆ ಸಿಕ್ಕರು. ಅವತ್ತು ಟೀವಿಯಲ್ಲೂ ವಾಟ್ಸಾಪಿನಲ್ಲೂ ಎಲ್ಲಿ ನೋಡಿದರೂ 'ಜಿನೀವಾ ಒಪ್ಪಂದ'ದ ಮಾತೇ. 2025ರ ಏಪ್ರಿಲ್‌ನಲ್ಲಿ ಪಂಜಾಬಿನ ಫಿರೋಜ್‌ಪುರದ ಬಳಿ ಗಡಿ ದಾಟಿಬಿಟ್ಟ ಬಿಎಸ್‌ಎಫ್ ಜವಾನರೊಬ್ಬರನ್ನು ಪಾಕಿಸ್ತಾನ ಹಿಡಿದಿಟ್ಟುಕೊಂಡು, ಮೇ 14ರಂದು ಅಟ್ಟಾರಿಯಲ್ಲಿ ವಾಪಸ್ ಕೊಟ್ಟಿತು. ಆಗ ಮತ್ತೆ ಅದೇ ಮಾತು. ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಒಪ್ಪಂದದಲ್ಲಿ ಏನಿದೆ, ಸೆರೆಸಿಕ್ಕವನಿಗೆ ಅದರಿಂದ ಏನು ಸಿಗುತ್ತದೆ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

ಇದನ್ನು ಬರೀ ಕಾನೂನಾಗಿ ಓದಿದರೆ ತಲೆಗೆ ಹತ್ತುವುದಿಲ್ಲ. ಒಬ್ಬ ಮನುಷ್ಯನ ಬೆನ್ನು ಹತ್ತಿ ಹೋದರೆ ಸುಲಭ. ಅದಕ್ಕೆ ನಾನು ಆರಿಸಿಕೊಂಡಿದ್ದು ಕೊಡಗಿನವರೇ ಆದ ಕೆ.ಸಿ. ನಂದಾ ಕಾರ್ಯಪ್ಪ ಅವರನ್ನು. ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕೆ.ಎಂ. ಕಾರ್ಯಪ್ಪನವರ ಮಗ. ವಾಯುಪಡೆಯ ಪೈಲಟ್ ಆಗಿದ್ದ ಅವರು 1965ರ ಯುದ್ಧದಲ್ಲಿ ಸೆರೆಸಿಕ್ಕು, ನಾಲ್ಕು ತಿಂಗಳು ಪಾಕಿಸ್ತಾನದಲ್ಲಿದ್ದು ಬಂದವರು.

ಯುದ್ಧ ಮುಗಿಯಲು ಕೆಲವೇ ಗಂಟೆ ಇದ್ದಾಗ

1965ರ ಸೆಪ್ಟೆಂಬರ್ 22. ಕದನವಿರಾಮಕ್ಕೆ ಎರಡೂ ದೇಶಗಳು ಒಪ್ಪಿಯಾಗಿತ್ತು. ಮರುದಿನ ಬೆಳಗಿನ ಜಾವ ಮೂರೂವರೆಗೆ ಗುಂಡಿನ ಸದ್ದು ನಿಲ್ಲಬೇಕಿತ್ತು. ಅವತ್ತು ನಂದಾ ಕಾರ್ಯಪ್ಪ ಹಂಟರ್ ಯುದ್ಧವಿಮಾನದಲ್ಲಿ ದಾಳಿಗೆ ಹೋದರು. ನೆಲದಿಂದ ಹಾರಿಸಿದ ಗುಂಡುಗಳು ವಿಮಾನಕ್ಕೆ ತಗುಲಿದವು. ಅವರು ಸೀಟಿನ ಸಮೇತ ಹೊರಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದರು. ಬೆನ್ನಿಗೆ ಪೆಟ್ಟಾಗಿತ್ತು. ಇಳಿದಿದ್ದು ಪಾಕಿಸ್ತಾನಿ ಸೈನಿಕರ ನಡುವೆ.

ಆ ಕ್ಷಣದಿಂದ ಅವರು ಏನಾದರು? ಕಾನೂನಿನ ಲೆಕ್ಕದಲ್ಲಿ 'ಯುದ್ಧಕೈದಿ'. ಕೈದಿ ಅಂದ ಕೂಡಲೇ ನಮಗೆ ಜೈಲು, ಕೋರ್ಟು, ಶಿಕ್ಷೆ ನೆನಪಾಗುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ಕಬಡ್ಡಿಯಲ್ಲಿ ಔಟಾದ ಆಟಗಾರನನ್ನು ನೆನಪಿಸಿಕೊಳ್ಳಿ. ಅವನು ತಪ್ಪೇನೂ ಮಾಡಿಲ್ಲ. ಸದ್ಯಕ್ಕೆ ಅಂಗಳದ ಹೊರಗೆ ಕೂರಬೇಕು, ಅಷ್ಟೇ. ಹೊರಗೆ ಕೂತವನನ್ನು ಯಾರೂ ಹಿಡಿದು ಬಡಿಯುವಂತಿಲ್ಲ. ಯುದ್ಧಕೈದಿಯೂ ಹಾಗೇ. ಅವನು ಮತ್ತೆ ಬಂದೂಕು ಹಿಡಿಯದಂತೆ ತಡೆದಿಟ್ಟುಕೊಳ್ಳಬಹುದು. ತನ್ನ ದೇಶಕ್ಕಾಗಿ ಕಾನೂನುಬದ್ಧವಾಗಿ ಹೋರಾಡಿದ ಅನ್ನುವುದಕ್ಕೆ ಅವನ ಮೇಲೆ ಕೇಸು ಹಾಕುವಂತಿಲ್ಲ.

ಇನ್ನೊಂದು ವಿಷಯ. ಅವನು ತನ್ನನ್ನು ಹಿಡಿದ ಸಿಪಾಯಿಯ ಸ್ವತ್ತಲ್ಲ, ಆ ರೆಜಿಮೆಂಟಿನ ಸ್ವತ್ತೂ ಅಲ್ಲ. ಅವನ ಹೊಣೆ ಆ ಇಡೀ ದೇಶದ ಸರ್ಕಾರದ್ದು. ಮುಂದೆ ಏನೇ ಆದರೂ 'ಯಾರೋ ಕೆಳಗಿನವರು ಮಾಡಿದರು' ಅಂತ ಸರ್ಕಾರ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಈ ನಿಯಮಗಳು ಬಂದಿದ್ದೆಲ್ಲಿಂದ?

1949ರಲ್ಲಿ ಜಿನೀವಾದಲ್ಲಿ ಒಟ್ಟು ನಾಲ್ಕು ಒಪ್ಪಂದಗಳಾದವು. ಮೂರನೆಯದು ಪೂರ್ತಿ ಯುದ್ಧಕೈದಿಗಳ ಬಗ್ಗೆಯೇ ಇದೆ. ಅದರಲ್ಲಿ 143 ವಿಧಿಗಳಿವೆ. ಭಾರತ, ಪಾಕಿಸ್ತಾನ ಎರಡೂ ಅದಕ್ಕೆ ಒಪ್ಪಿ ಸೇರಿವೆ. ಭಾರತದ ಸಂಸತ್ತು 1960ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು.

ಅಷ್ಟೊಂದು ವಿಧಿ ಯಾಕೆ ಬೇಕಾಯಿತು ಅಂದರೆ, ಅದಕ್ಕಿಂತ ಸ್ವಲ್ಪ ಮುಂಚೆ ಜಗತ್ತು ನೋಡಬಾರದ್ದನ್ನೆಲ್ಲ ನೋಡಿತ್ತು. 1929ರಲ್ಲೇ ಒಂದು ಒಪ್ಪಂದ ಆಗಿತ್ತು. ಜಪಾನ್ ಅದಕ್ಕೆ ಸಹಿ ಹಾಕಿದರೂ ಅಧಿಕೃತವಾಗಿ ಅಂಗೀಕರಿಸಲಿಲ್ಲ. ಸೋವಿಯತ್ ಒಕ್ಕೂಟ ಸೇರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಇಟಲಿಯ ಕೈಗೆ ಸಿಕ್ಕ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಲ್ಲಿ ಸೆರೆಯಲ್ಲೇ ಸತ್ತವರು ಶೇಕಡ 4ರಷ್ಟು. ಜಪಾನಿನ ಕೈಗೆ ಸಿಕ್ಕವರಲ್ಲಿ ಶೇಕಡ 27ರಷ್ಟು. ಬರ್ಮಾ ಮತ್ತು ಥಾಯ್ಲೆಂಡ್ ನಡುವೆ ಜಪಾನ್ ಹಾಕಿಸಿದ ಸುಮಾರು 415 ಕಿಲೋಮೀಟರ್ ರೈಲುಹಳಿಯ ಕೆಲಸದಲ್ಲೇ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಜೊತೆಗೆ ಅವರಿಗಿಂತ ಎಷ್ಟೋ ಜಾಸ್ತಿ ಸಂಖ್ಯೆಯಲ್ಲಿ ಏಷ್ಯಾದ ಕೂಲಿಗಳು. ಜರ್ಮನಿಯ ಕೈಗೆ ಸಿಕ್ಕ ಸೋವಿಯತ್ ಸೈನಿಕರಲ್ಲಂತೂ ಸತ್ತವರ ಲೆಕ್ಕ 30 ಲಕ್ಷ ದಾಟುತ್ತದೆ.

ಹಾಗಾಗಿ 1949ರಲ್ಲಿ ಬರೆಯಲು ಕೂತವರು ಊಟ, ಹಾಸಿಗೆ, ಸಂಬಳ, ಸೆಲ್ಯೂಟ್, ಕ್ಯಾಂಟೀನು ಏನನ್ನೂ ಬಿಡಲಿಲ್ಲ. ಯುದ್ಧ ಅಂತ ಅಧಿಕೃತವಾಗಿ ಘೋಷಿಸದಿದ್ದರೂ ಎರಡು ದೇಶಗಳ ಸೇನೆಗಳು ಹೊಡೆದಾಡಿದರೆ ನಿಯಮ ಅನ್ವಯಿಸುತ್ತದೆ ಎಂದೂ ಬರೆದರು. 1999ರ ಕಾರ್ಗಿಲ್‌ಗೆ, 2019ರ ಘಟನೆಗೆ ಈ ಮಾತು ಮುಖ್ಯ. ಎರಡರಲ್ಲೂ ಯಾರೂ ಯುದ್ಧ ಘೋಷಿಸಿರಲಿಲ್ಲ ಅಲ್ವಾ? ಶಾಂತಿಕಾಲದಲ್ಲಿ ದಾರಿ ತಪ್ಪಿ ಗಡಿ ದಾಟಿದ ಜವಾನನದು ಬೇರೆ ಕಥೆ. ಅಂಥವರನ್ನು ಸಾಮಾನ್ಯವಾಗಿ ಎರಡೂ ಕಡೆಯ ಗಡಿ ಕಾಯುವ ಪಡೆಗಳು ಫ್ಲ್ಯಾಗ್ ಮೀಟಿಂಗ್ ಮಾಡಿ, ಮಾತಾಡಿ ಬಿಡಿಸಿಕೊಳ್ಳುತ್ತವೆ.

ನಾಲ್ಕೇ ಉತ್ತರ

ಸೆರೆಸಿಕ್ಕವನನ್ನು ಮೊದಲು ವಿಚಾರಣೆ ಮಾಡುತ್ತಾರೆ. ಪ್ರಶ್ನೆ ಕೇಳಬಾರದು ಅಂತ ಕಾನೂನು ಹೇಳುವುದಿಲ್ಲ. ಏನು ಬೇಕಾದರೂ ಕೇಳಬಹುದು. ಆದರೆ ಅವನು ಹೇಳಲೇಬೇಕಾದ್ದು ನಾಲ್ಕೇ: ಹೆಸರು, ಹುದ್ದೆ, ಹುಟ್ಟಿದ ದಿನಾಂಕ, ಸರ್ವಿಸ್ ನಂಬರ್. ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡಿರಬಹುದು. ಬಾಯಿ ಬಿಡಿಸಲು ಹೊಡೆಯುವುದು, ಬೆದರಿಸುವುದು, ಬೈಯುವುದು, ಸೌಲಭ್ಯ ಕಿತ್ತುಕೊಳ್ಳುವುದು ಎಲ್ಲವೂ ನಿಷಿದ್ಧ. ಅಭಿನಂದನ್ ಅವರನ್ನು ಪ್ರಶ್ನೆ ಕೇಳುತ್ತಿರುವುದನ್ನು ತೋರಿಸಿ ಪಾಕಿಸ್ತಾನ ಹೊರಬಿಟ್ಟ ವಿಡಿಯೊದಲ್ಲಿ ಕೆಲವು ಪ್ರಶ್ನೆಗಳಿಗೆ 'ಅದನ್ನು ನಾನು ಹೇಳುವಂತಿಲ್ಲ' ಅಂತ ಅವರು ಉತ್ತರಿಸಿದ್ದು ನಿಮಗೆ ನೆನಪಿರಬಹುದು. ಅದು ಧೈರ್ಯ ಹೌದು, ಜೊತೆಗೆ ತರಬೇತಿ ಕೂಡ.

ಆ ಇಡೀ ವಿಡಿಯೊ ಬಗ್ಗೆಯೇ ಭಾರತ ತಕರಾರು ಎತ್ತಿತ್ತು. ಯಾಕೆಂದರೆ 13ನೇ ವಿಧಿಯ ಪ್ರಕಾರ ಯುದ್ಧಕೈದಿಯನ್ನು ಜನರ ಅವಮಾನದಿಂದ ಮತ್ತು ಕುತೂಹಲದಿಂದ ಕಾಪಾಡಬೇಕು. ಹಿಂದಿನ ಕಾಲದಲ್ಲಿ ಸೆರೆಸಿಕ್ಕವರನ್ನು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು. ಈಗ ಆ ಕೆಲಸವನ್ನು ಮೊಬೈಲ್ ಕ್ಯಾಮೆರಾ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಕಾರ್ಡು

143 ವಿಧಿಗಳಲ್ಲಿ ಯಾವುದು ಜೀವ ಉಳಿಸುತ್ತದೆ ಅಂತ ಕೇಳಿದರೆ ನಾನು 70ನೆಯದನ್ನು ತೋರಿಸುತ್ತೇನೆ. ನೋಡಲು ಅದು ಗುಮಾಸ್ತರ ಕೆಲಸದ ಹಾಗಿದೆ. ಸೆರೆಸಿಕ್ಕವನು ಶಿಬಿರಕ್ಕೆ ಬಂದ ಒಂದು ವಾರದೊಳಗೆ ಒಂದು ಕಾರ್ಡು ಬರೆಯಲು ಬಿಡಬೇಕು. 'ನಾನು ಸೆರೆಸಿಕ್ಕಿದ್ದೇನೆ, ಇಲ್ಲಿದ್ದೇನೆ, ಆರೋಗ್ಯ ಹೀಗಿದೆ.' ಒಂದು ಮನೆಗೆ, ಇನ್ನೊಂದು ಜಿನೀವಾದಲ್ಲಿರುವ ರೆಡ್ ಕ್ರಾಸ್‌ನ ಕೇಂದ್ರ ಕಚೇರಿಗೆ. ಹಿಡಿದಿಟ್ಟುಕೊಂಡ ಸರ್ಕಾರವೂ ತನ್ನ ಕಡೆಯಿಂದ ಪಟ್ಟಿ ಕೊಡಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಹೀಗೆ ಬರೆದಿಟ್ಟ ಕಾರ್ಡುಗಳೇ ಸುಮಾರು 70 ಲಕ್ಷ. ಆಗ ಕಂಪ್ಯೂಟರ್ ಇರಲಿಲ್ಲ, ಎಲ್ಲ ಕೈಯಲ್ಲೇ.

ಇದರ ಬೆಲೆ ಏನು? ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಆ ಸೈನಿಕ ಸುಮ್ನೆ ಮಾಯವಾಗಲು ಸಾಧ್ಯವಿಲ್ಲ. ರೆಡ್ ಕ್ರಾಸ್‌ನವರು ಶಿಬಿರಕ್ಕೆ ಬಂದು 'ಇಂಥವರು ಎಲ್ಲಿ? ಕರೆಯಿರಿ' ಅನ್ನಬಹುದು. ಕಾವಲುಗಾರರು ಪಕ್ಕದಲ್ಲಿಲ್ಲದೆ ಅವನ ಜೊತೆ ಮಾತಾಡಬಹುದು. ಸತ್ತರೆ ಹೇಗೆ ಸತ್ತ ಅಂತ ಸರ್ಕಾರ ಉತ್ತರ ಕೊಡಬೇಕು.

ನಂದಾ ಕಾರ್ಯಪ್ಪ ಅವರ ವಿಷಯದಲ್ಲಿ ಆ ಸುದ್ದಿ ಕಾರ್ಡಿಗಿಂತ ಬೇಗ ಬಂತು. ಕಾರ್ಯಪ್ಪ ಅನ್ನುವ ಹೆಸರು ಪಾಕಿಸ್ತಾನದ ಹಿರಿಯ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ವಿಭಜನೆಗೆ ಮುಂಚೆ ಅವರೆಲ್ಲ ಒಂದೇ ಸೇನೆಯಲ್ಲಿದ್ದವರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸ್ವತಃ ಕೆ.ಎಂ. ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದರು. ರೇಡಿಯೊ ಪಾಕಿಸ್ತಾನ ಸೆರೆಯ ಸುದ್ದಿ ಹೇಳಿಬಿಟ್ಟಿತು.

ಮಡಿಕೇರಿಯಿಂದ ಬಂದ ಉತ್ತರ

ಈ ಭಾಗ ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಹೇಳುವ ಕಥೆ. ಸೇನೆಯಿಂದ ನಿವೃತ್ತರಾಗಿ ಕೆ.ಎಂ. ಕಾರ್ಯಪ್ಪ ಆಗ ಮಡಿಕೇರಿಯಲ್ಲಿದ್ದರು. ನಿಮ್ಮ ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಈಗಲೇ ಬಿಟ್ಟು ಕಳಿಸುತ್ತೇನೆ ಅಂತ ಅಯೂಬ್ ಖಾನ್ ಹೇಳಿ ಕಳಿಸಿದರು. ಕಾರ್ಯಪ್ಪನವರು ಒಪ್ಪಲಿಲ್ಲ. ಅವನು ಈಗ ನನ್ನ ಮಗನಲ್ಲ, ದೇಶದ ಮಗ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲದಿದ್ದರೆ ಯಾರನ್ನೂ ಬೇಡ, ಇವನಿಗೆಂದು ವಿಶೇಷ ಉಪಚಾರವೂ ಬೇಡ. ಅವರು ಕೊಟ್ಟ ಉತ್ತರದ ಸಾರ ಇದು ಅಂತ ಹೇಳುತ್ತಾರೆ.

ದೇಶಪ್ರೇಮದ ಕಥೆಯಾಗಿ ನಾವು ಇದನ್ನು ಕೇಳಿದ್ದೇವೆ. ಅದರ ಹಿಂದೆ ಒಂದು ವ್ಯಾವಹಾರಿಕ ಲೆಕ್ಕವೂ ಇದೆ. ಸೆರೆಯಲ್ಲಿರುವವರ ದೊಡ್ಡ ಬಲ ಅವರ ಒಗ್ಗಟ್ಟು. ದೊಡ್ಡವರ ಮಗ ಮೊದಲು ಮನೆಗೆ ಹೋದ ಅಂತ ಗೊತ್ತಾದರೆ ಉಳಿದವರ ಮನಸ್ಸು ಏನಾಗಬೇಡ? ಹಿಡಿದವರಿಗೆ ಅದೇ ಪ್ರಚಾರದ ಸರಕು.

ಇದೇ ಪರಿಸ್ಥಿತಿ ಮೂರು ವರ್ಷಗಳ ನಂತರ ವಿಯೆಟ್ನಾಂನಲ್ಲಿ ಬಂತು. ಅಮೆರಿಕದ ನೌಕಾಪಡೆಯ ಪೈಲಟ್ ಜಾನ್ ಮೆಕೇನ್ 1967ರ ಅಕ್ಟೋಬರ್ 26ರಂದು ಹನೋಯ್‌ನ ಒಂದು ಕೆರೆಗೆ ಬಿದ್ದು ಸೆರೆಸಿಕ್ಕಿದ್ದರು. ಎರಡೂ ಕೈ, ಒಂದು ಕಾಲು ಮುರಿದಿತ್ತು. 1968ರಲ್ಲಿ ಅವರ ತಂದೆ ಪೆಸಿಫಿಕ್ ಪ್ರದೇಶದ ಅಮೆರಿಕನ್ ಪಡೆಗಳ ಮುಖ್ಯಸ್ಥರಾದರು. ಕೂಡಲೇ ಉತ್ತರ ವಿಯೆಟ್ನಾಂ 'ನಿನ್ನನ್ನು ಬಿಡುತ್ತೇವೆ' ಅಂದಿತು. ಮೊದಲು ಸೆರೆಸಿಕ್ಕವರು ಮೊದಲು ಹೋಗಬೇಕು ಎನ್ನುವುದು ಅಮೆರಿಕನ್ ಕೈದಿಗಳ ನಡುವಿನ ಒಪ್ಪಂದ. ಮೆಕೇನ್ ಬೇಡ ಅಂದರು. ಆಮೇಲೆ ಹೊಡೆತ ಜಾಸ್ತಿಯಾಯಿತು. ಅವರು ಮನೆಗೆ ಬಂದಿದ್ದು 1973ರ ಮಾರ್ಚ್‌ನಲ್ಲಿ. ಉತ್ತರ ವಿಯೆಟ್ನಾಂ ಸಹ ಜಿನೀವಾ ಒಪ್ಪಂದಕ್ಕೆ ಸೇರಿತ್ತು. ಆದರೂ ಈ ಪೈಲಟ್‌ಗಳು ಯುದ್ಧಕೈದಿಗಳಲ್ಲ, ಅಪರಾಧಿಗಳು ಅಂತ ವಾದಿಸುತ್ತಿತ್ತು. ಯುದ್ಧಕೈದಿ ಎಂಬ ಪಟ್ಟವನ್ನೇ ಕೊಡದಿದ್ದರೆ ನಿಯಮ ಪಾಲಿಸುವ ಗೋಜೇ ಇಲ್ಲ ನೋಡಿ.

ನಂದಾ ಕಾರ್ಯಪ್ಪ ಅವರಿಗೆ ಆ ಗತಿ ಬರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಅಯೂಬ್ ಖಾನ್ ಅವರ ಪತ್ನಿ ಮತ್ತು ಮಗ ಬಂದು ನೋಡಿದರು. ಸಿಗರೇಟು, ಓದಲು ಒಂದು ಕಾದಂಬರಿ ಕೊಟ್ಟು ಹೋದರು. ಅಪ್ಪ ಬೇಡವೆಂದರೂ ಹಳೆಯ ಸೇನೆಯ ನಂಟು ಸ್ವಲ್ಪ ಕೆಲಸ ಮಾಡಿತು ಅನ್ನಿ.

ದಿನಗಳು ಹೇಗೆ ಕಳೆಯುತ್ತವೆ

ಮೊದಮೊದಲು ಅವರನ್ನು ಒಂಟಿಯಾಗಿ ಇಟ್ಟಿದ್ದರು. ನಂತರ ಸೆರೆಸಿಕ್ಕ ಬೇರೆ ಭಾರತೀಯ ಪೈಲಟ್‌ಗಳ ಜೊತೆ ಸೇರಿಸಿದರು. ಸೆರೆಯಿಂದ ಬಂದ ಅನೇಕರು ಹೇಳುವುದು ಒಂದೇ: ಹೊಡೆತಕ್ಕಿಂತ ಒಂಟಿತನ ಕಷ್ಟ. ಹನೋಯ್‌ನ ಕೈದಿಗಳು ಗೋಡೆ ತಟ್ಟಿ ಮಾತಾಡುವ ಭಾಷೆಯನ್ನೇ ಬಳಸಿದರು. ಇಂಗ್ಲಿಷಿನ 26 ಅಕ್ಷರಗಳಲ್ಲಿ 'ಕೆ'ಯನ್ನು ಬಿಟ್ಟು ಉಳಿದ 25ನ್ನು ಐದು ಸಾಲು, ಐದು ಕಾಲಂಗಳಲ್ಲಿ ಮನಸ್ಸಿನಲ್ಲೇ ಬರೆದುಕೊಳ್ಳುವುದು. ಮೊದಲು ಸಾಲಿನ ಸಂಖ್ಯೆ, ಆಮೇಲೆ ಕಾಲಂ ಸಂಖ್ಯೆ ತಟ್ಟುವುದು. 'ಎಚ್' ಬೇಕಾದರೆ ಎರಡು ಸಲ, ಸ್ವಲ್ಪ ನಿಲ್ಲಿಸಿ ಮೂರು ಸಲ. ಮುಖವನ್ನೇ ನೋಡದವರು ಹೀಗೆ ವರ್ಷಗಟ್ಟಲೆ ಗೆಳೆಯರಾಗಿದ್ದರು.

ಶಿಬಿರದ ಬದುಕಿಗೆ ಒಪ್ಪಂದ ಹಾಕಿರುವ ನಿಯಮಗಳಲ್ಲಿ ಕೆಲವು ಅಚ್ಚರಿ ತರುತ್ತವೆ. ಕೈದಿಗೆ ತಿಂಗಳಿಗಿಷ್ಟು ಅಂತ ಭತ್ಯೆ ಕೊಡಬೇಕು. ಅದನ್ನು ಸ್ವಿಸ್ ಫ್ರಾಂಕ್‌ನಲ್ಲಿ ನಿಗದಿ ಮಾಡಿದ್ದಾರೆ: ಸಾಮಾನ್ಯ ಸಿಪಾಯಿಗೆ 8, ಜನರಲ್‌ಗೆ 75. ಸಿಪಾಯಿಗಳಿಂದ ಕೆಲಸ ಮಾಡಿಸಬಹುದು, ಅಧಿಕಾರಿಗಳನ್ನು ಕೆಲಸಕ್ಕೆ ಬಲವಂತ ಮಾಡುವಂತಿಲ್ಲ. ತಿಂಗಳಿಗೆ ಕಡಿಮೆ ಎಂದರೂ ಎರಡು ಪತ್ರ, ನಾಲ್ಕು ಕಾರ್ಡು ಬರೆಯಲು ಬಿಡಬೇಕು. ಬೀಡಿ, ಸಿಗರೇಟು ಸೇದಲು ಬಿಡಬೇಕು ಅಂತಲೂ ಇದೆ! ಮತ್ತೆ ಈ ಒಪ್ಪಂದದ ಪ್ರತಿಯನ್ನೇ ಕೈದಿಗಳ ಭಾಷೆಯಲ್ಲಿ ಶಿಬಿರದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಅಂದ ಹಾಗೆ, ನಮ್ಮ ಬೆಂಗಳೂರಿನಲ್ಲೂ ಇಂಥ ಶಿಬಿರಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರಿಗೆ ಸಿಕ್ಕಿಬಿದ್ದ ಇಟಲಿಯ ಸೈನಿಕರನ್ನು ಹಡಗಿನಲ್ಲಿ ತಂದು ಜಾಲಹಳ್ಳಿ ಕಡೆ ಇಟ್ಟಿದ್ದರು.

ತಪ್ಪಿಸಿಕೊಂಡು ಓಡಿದರೆ?

ಇದು ನನಗೆ ಈ ಒಪ್ಪಂದದಲ್ಲಿ ತುಂಬಾ ಇಷ್ಟವಾದ ಭಾಗ. ಸೆರೆಯಿಂದ ಓಡುವುದು ಅಪರಾಧವೇ ಅಲ್ಲ ಎನ್ನುವಷ್ಟು ಸಣ್ಣ ವಿಷಯ. ಓಡುವಾಗ ಸಿಕ್ಕಿಬಿದ್ದರೆ ಶಿಸ್ತಿನ ಶಿಕ್ಷೆ ಮಾತ್ರ, ಅದೂ 30 ದಿನ ಮೀರುವಂತಿಲ್ಲ. ಒಮ್ಮೆ ತನ್ನ ಸೇನೆಯನ್ನು ಸೇರಿಕೊಂಡವನು ಮುಂದೆ ಇನ್ನೊಂದು ಸಲ ಸೆರೆಸಿಕ್ಕರೆ ಹಳೆಯ ಓಟಕ್ಕೆ ಶಿಕ್ಷೆಯೇ ಇಲ್ಲ.

ಇದು ನಿಜವಾಗಿ ಪರೀಕ್ಷೆಗೆ ಬಂದಿದ್ದು 1972ರಲ್ಲಿ. 1971ರ ಯುದ್ಧದಲ್ಲಿ ಸಿಕ್ಕಿಬಿದ್ದ ಭಾರತದ ಪೈಲಟ್‌ಗಳನ್ನು ರಾವಲ್ಪಿಂಡಿಯ ಶಿಬಿರದಲ್ಲಿ ಇಟ್ಟಿದ್ದರು. ಅವರಲ್ಲಿ ದಿಲೀಪ್ ಪಾರೂಲ್ಕರ್, ಎಂ.ಎಸ್. ಗ್ರೆವಾಲ್, ಹರೀಶ್ ಸಿನ್ಹಜಿ ಎಂಬ ಮೂವರು ಗೋಡೆ ಕೊರೆದು ಆಗಸ್ಟ್ 13ರ ನಡುರಾತ್ರಿ ಹೊರಬಿದ್ದರು. ಖರ್ಚಿಗೆ ಅದೇ ಜಿನೀವಾ ಭತ್ಯೆಯಲ್ಲಿ ಉಳಿಸಿದ ದುಡ್ಡು. ಬಸ್ ಹಿಡಿದು ಪೇಶಾವರ, ಅಲ್ಲಿಂದ ಅಫ್ಘಾನಿಸ್ತಾನದ ಗಡಿಯ ಕಡೆ. ಗಡಿ ಇನ್ನು ಕೆಲವೇ ಮೈಲಿ ಇದ್ದಾಗ ಲಂಡಿ ಕೋತಲ್‌ನಲ್ಲಿ ಒಬ್ಬರನ್ನು ಕೇಳಿದರು: 'ಲಂಡಿ ಖಾನಾಗೆ ಹೇಗೆ ಹೋಗಬೇಕು?' ಅವರ ಬಳಿಯಿದ್ದ ಹಳೆಯ ನಕ್ಷೆಯಲ್ಲಿ ಆ ರೈಲ್ವೆ ಸ್ಟೇಷನ್ ಇತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದ ರೈಲು 1932ರಲ್ಲೇ ನಿಂತುಹೋಗಿತ್ತು. ಕೇಳಿಸಿಕೊಂಡವರಿಗೆ ಅನುಮಾನ ಬಂತು. ಮೂವರೂ ಸಿಕ್ಕಿಬಿದ್ದರು. ಒಂಟಿ ಕೋಣೆಯ ಶಿಕ್ಷೆ ಅನುಭವಿಸಿದರು. ಅದೇ ವರ್ಷ ಡಿಸೆಂಬರ್ 1ರಂದು ಉಳಿದವರ ಜೊತೆ ವಾಘಾ ದಾಟಿ ಬಂದರು.

ಮನೆಗೆ ಯಾವಾಗ?

118ನೇ ವಿಧಿ ಹೇಳುವುದು ಸರಳವಾಗಿದೆ. ಹೋರಾಟ ನಿಂತ ಮೇಲೆ ತಡಮಾಡದೆ ಬಿಟ್ಟು ಕಳಿಸಬೇಕು. ತೀವ್ರವಾಗಿ ಗಾಯಗೊಂಡವರನ್ನು ಯುದ್ಧ ನಡೆಯುತ್ತಿರುವಾಗಲೇ ಕಳಿಸಬೇಕು. ಕಾಗದದ ಮೇಲೆ ಇಷ್ಟೇ. ನಡೆಯುವುದು ಮಾತ್ರ ರಾಜಕೀಯದ ವೇಗದಲ್ಲಿ.

1965ರ ಕೈದಿಗಳಿಗೆ ದಾರಿ ತೆರೆದದ್ದು ತಾಷ್ಕೆಂಟ್ ಘೋಷಣೆ. 1966ರ ಜನವರಿ 10ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಆ ಕಾಗದದಲ್ಲಿ ಯುದ್ಧಕೈದಿಗಳನ್ನು ವಾಪಸ್ ಕಳಿಸುವ ಮಾತೂ ಇತ್ತು. ಅದೇ ತಿಂಗಳು ನಂದಾ ಕಾರ್ಯಪ್ಪ ಬೇರೆ ಪೈಲಟ್‌ಗಳ ಜೊತೆಗೇ ಬಂದರು. ಅಪ್ಪ ಕೇಳಿದ್ದೂ ಅದನ್ನೇ.

1971ರ ನಂತರ ಇದು ಇಷ್ಟು ಸುಲಭವಾಗಲಿಲ್ಲ. ಢಾಕಾದಲ್ಲಿ ಶರಣಾದ ಪಾಕಿಸ್ತಾನದ ಸುಮಾರು 93,000 ಮಂದಿ ಭಾರತದ ಶಿಬಿರಗಳಿಗೆ ಬಂದರು. ಅವರಲ್ಲಿ ನಾಗರಿಕರೂ ಇದ್ದರು. ಪಾಕಿಸ್ತಾನದ ಕೈಯಲ್ಲಿದ್ದ ಭಾರತೀಯರು ಆರು ನೂರಕ್ಕೂ ಸ್ವಲ್ಪ ಹೆಚ್ಚು. ಭಾರತದ ಕೈಯಲ್ಲಿದ್ದ ಪಾಕಿಸ್ತಾನಿಗಳಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕೆ ವಿಚಾರಣೆ ಮಾಡಬೇಕು ಅಂತ ಬಾಂಗ್ಲಾದೇಶ ಪಟ್ಟು ಹಿಡಿಯಿತು. ಬಾಂಗ್ಲಾದೇಶ ಎಂಬ ದೇಶವನ್ನೇ ಪಾಕಿಸ್ತಾನ ಒಪ್ಪಿರಲಿಲ್ಲ. 1973ರ ಆಗಸ್ಟ್‌ನಲ್ಲಿ ದೆಹಲಿ ಒಪ್ಪಂದವಾದ ಮೇಲೆಯೇ ರೈಲುಗಳು ಹೊರಟವು. ಕೊನೆಯವರು ಹೋಗುವಾಗ 1974ರ ಏಪ್ರಿಲ್.

ನಿಯಮಗಳನ್ನು ಪಾಲಿಸದಿದ್ದರೆ ಏನು ಮಾಡಬಹುದು ಅಂತ ಕೇಳಬಹುದು. ಮೇಲೆ ನಿಂತು ಹೊಡೆಯುವ ಪೊಲೀಸ್ ಯಾರೂ ಇಲ್ಲ. ಹೆಚ್ಚಿನ ಸಲ ನಿಯಮವನ್ನು ಕಾಯುವುದು ಒಂದೇ ಲೆಕ್ಕ: ನಮ್ಮವರು ಅವರ ಕೈಯಲ್ಲಿದ್ದಾರೆ, ಅವರವರು ನಮ್ಮ ಕೈಯಲ್ಲಿದ್ದಾರೆ. ಆ ಲೆಕ್ಕವೂ ಎಲ್ಲ ಸಲ ನಡೆಯುವುದಿಲ್ಲ. ಕಾರ್ಗಿಲ್ ಯುದ್ಧದಲ್ಲಿ ಪೈಲಟ್ ನಚಿಕೇತ ಮೇ 27ರಂದು ಸಿಕ್ಕಿ ಜೂನ್ 3ಕ್ಕೆ ಬಿಡುಗಡೆಯಾದರು. ಅದೇ ಯುದ್ಧದಲ್ಲಿ ಸಿಕ್ಕ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಜೊತೆಗಿದ್ದ ಐವರ ದೇಹಗಳು ಜೂನ್ 9ರಂದು ಬಂದವು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂದು ಭಾರತ ಹೇಳಿತು. ಪಾಕಿಸ್ತಾನ ಅಲ್ಲಗಳೆಯಿತು.

ಬಂದ ಮೇಲೆ

ಗಡಿ ದಾಟಿದ ಕೂಡಲೇ ಸೈನಿಕ ಮನೆಗೆ ಹೋಗುವುದಿಲ್ಲ. ಮೊದಲು ಆಸ್ಪತ್ರೆ. ಸೀಟಿನಿಂದ ಹೊರಚಿಮ್ಮಿದ ಪೈಲಟ್‌ನ ಬೆನ್ನುಮೂಳೆ ನೋಡಲೇಬೇಕು, ಯಾಕೆಂದರೆ ಆ ಒಂದು ಕ್ಷಣದ ಒತ್ತಡಕ್ಕೆ ಮೂಳೆ ಬಿರುಕು ಬಿಡಬಹುದು. ಆಮೇಲೆ ಸ್ವಂತ ಸೇನೆಯವರೇ ಕೂರಿಸಿಕೊಂಡು ಎಲ್ಲ ಕೇಳುತ್ತಾರೆ. ಅಲ್ಲಿ ಏನು ಕೇಳಿದರು, ಏನು ಹೇಳಿದೆ, ಯಾರನ್ನು ನೋಡಿದೆ. ನೋಡುವವರಿಗೆ ಇದು ಅನುಮಾನದ ಹಾಗೆ ಕಾಣುತ್ತದೆ. ಆದರೆ ಅಲ್ಲೇ ಉಳಿದಿರುವ ಬೇರೆಯವರ ಸುಳಿವು ಸಿಗುವುದೂ ಇಲ್ಲೇ.

ಸೆರೆ ದೇಹದಲ್ಲಿ ಉಳಿದುಬಿಡುತ್ತದೆ. ಬರ್ಮಾ ರೈಲುಹಳಿಯಿಂದ ಬದುಕಿ ಬಂದ ಬ್ರಿಟಿಷ್ ಸೈನಿಕರ ಹೊಟ್ಟೆಯಲ್ಲಿ ಅಲ್ಲಿ ಹತ್ತಿದ ಒಂದು ಜಾತಿಯ ಹುಳು ಎಷ್ಟೋ ದಶಕಗಳ ನಂತರವೂ ಪತ್ತೆಯಾಯಿತು. ಮೆಕೇನ್ ಕೊನೆಯವರೆಗೂ ತೋಳುಗಳನ್ನು ತಲೆಯ ಮೇಲಕ್ಕೆ ಎತ್ತಲಾಗದೆ ಉಳಿದರು. ಮನಸ್ಸಿನ ಪೆಟ್ಟಿನ ಬಗ್ಗೆ ಆ ತಲೆಮಾರಿನವರು ಮಾತಾಡಿದ್ದೇ ಕಡಿಮೆ. ನಂದಾ ಕಾರ್ಯಪ್ಪ ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು. ಆಮೇಲೆ ಮಡಿಕೇರಿಗೆ, ಅಪ್ಪನ ಊರಿಗೇ ಬಂದರು.

ಪಟ್ಟಿಯಲ್ಲಿ ಇಲ್ಲದವರು

ಆ ಕಾರ್ಡಿನ ವಿಷಯವನ್ನು ಅಷ್ಟು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. 1971ರ ಯುದ್ಧದಲ್ಲಿ ಕಾಣೆಯಾದ 54 ಭಾರತೀಯ ಸೈನಿಕರು ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆ ಎಂದು ನಂಬಿರುವುದಾಗಿ ಭಾರತ ಸರ್ಕಾರ ಸಂಸತ್ತಿನಲ್ಲಿ ಹೇಳುತ್ತಾ ಬಂದಿದೆ. ಯುದ್ಧಕೈದಿಗಳೆಲ್ಲರನ್ನೂ ಕಳಿಸಿಯಾಗಿದೆ, ಇನ್ನು ಯಾರೂ ಉಳಿದಿಲ್ಲ ಎನ್ನುವುದು ಪಾಕಿಸ್ತಾನದ ಮಾತು. ವಿನಿಮಯದ ವೇಳೆ ಇವರು ಯಾರೂ ಕೈದಿಗಳ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು 'ಕೊಡಿ' ಅಂತ ಕೇಳಿ ಪಡೆಯುವುದು ತುಂಬಾ ಕಷ್ಟ. 2007ರ ಜೂನ್‌ನಲ್ಲಿ ಇಂಥ ಕುಟುಂಬಗಳ 14 ಮಂದಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಜೈಲುಗಳನ್ನು ಸುತ್ತಿ ಬಂದರು. ತಮ್ಮವರು ಅಲ್ಲಿದ್ದಾರೆ ಎಂದು ಖಚಿತವಾಗಿ ಹೇಳುವಂಥದ್ದು ಅವರಿಗೆ ಏನೂ ಸಿಗಲಿಲ್ಲ.